ಫೈಲ್‌ಗಳಿಗೆ ಬೀಗ ಬಿದ್ದಾಗ: ಡಿಜೆವಿಯು ರ‍್ಯಾನ್ಸಮ್‌ವೇರ್ ಒಳಬರುವ ದಾರಿ, ಉಳಿಸಿಕೊಳ್ಳುವ ಕೆಲಸ

ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಫೋಟೊ ಸ್ಟುಡಿಯೊ, ಮನೆಯ ಮಕ್ಕಳ ಕಂಪ್ಯೂಟರ್: ಇಂಥ ಕಡೆಗಳಲ್ಲಿ ಹೆಚ್ಚು ಹಾನಿ ಮಾಡಿರುವ, ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕುಟುಂಬಗಳಲ್ಲಿ ಸ್ಟಾಪ್ ಅಥವಾ ಡಿಜೆವಿಯು ಒಂದು. 2018ರ ಕೊನೆಯಲ್ಲಿ ಇದು ಬೀಗ ಹಾಕಿದ ಫೈಲ್‌ಗಳ ಹೆಸರಿಗೆ ಡಿಜೆವಿಯು ಎಂಬ ಬಾಲ ಅಂಟಿಸುತ್ತಿತ್ತು, ಅದರಿಂದ ಈ ಹೆಸರು. ಹಳೆಯ ಪುಸ್ತಕಗಳ ಸ್ಕ್ಯಾನ್ ಇಡುವ ಡಿಜೆವಿಯು ಫಾರ್ಮ್ಯಾಟೇ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆಮೇಲೆ ನಾಲ್ಕಕ್ಷರದ ಹೊಸ ಹೊಸ ಬಾಲಗಳೊಂದಿಗೆ ನೂರಾರು ಅವತಾರಗಳು ಬಂದವು. ಒಳಗಿನ ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ. ಆ ಕೆಲಸ ಅರ್ಥವಾದರೆ ಯಾವ ಫೈಲ್ ಉಳಿಯುತ್ತದೆ, ಯಾವುದಕ್ಕೆ ಆಸೆ ಬಿಡಬೇಕು ಎಂಬುದು ಗೊತ್ತಾಗುತ್ತದೆ. ಅರ್ಥ ಮಾಡಿಕೊಳ್ಳದೆ ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆದು, ಉಳಿಯಬಹುದಾಗಿದ್ದ ಮದುವೆ ವಿಡಿಯೊಗಳನ್ನೂ ಕಳೆದುಕೊಂಡವರು ಬಹಳ.

ಬಾಗಿಲು ತೆರೆಯುವುದು ಕ್ರ್ಯಾಕ್

2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಯಾರೂ ಏನನ್ನೂ ಕ್ಲಿಕ್ ಮಾಡದಿದ್ದರೂ ನೆಟ್‌ವರ್ಕ್ ಮೂಲಕವೇ ನುಗ್ಗುತ್ತಿತ್ತು. ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದೇ ಬಂದಿತ್ತು. ಡಿಜೆವಿಯು ಹಾಗಲ್ಲ. ಇದನ್ನು ನಾವೇ ಕರೆದು ಒಳಗೆ ಕೂರಿಸುತ್ತೇವೆ. ದುಡ್ಡು ಕೊಡದೆ ಸಾಫ್ಟ್‌ವೇರ್ ಬಳಸಲು ಫೋಟೊಶಾಪ್ ಕ್ರ್ಯಾಕ್, ಆಫೀಸ್ ಆಕ್ಟಿವೇಟರ್, ಗೇಮ್ ಕೀಜೆನ್ ಎಂದು ಹುಡುಕಿದಾಗ ಸಿಗುವ ಜಿಪ್ ಫೈಲ್ ಇದರ ಮುಖ್ಯ ವಾಹನ.

ಆ ಜಿಪ್ಪನ್ನು ಹತ್ತಿರದಿಂದ ನೋಡಿ. ಅದಕ್ಕೆ ಪಾಸ್‌ವರ್ಡ್ ಇರುತ್ತದೆ, ಆ ಪಾಸ್‌ವರ್ಡ್ 1234 ಎಂದು ಪಕ್ಕದಲ್ಲೇ ಬರೆದಿರುತ್ತದೆ. ಎಲ್ಲರಿಗೂ ಹೇಳುವುದಾದರೆ ಪಾಸ್‌ವರ್ಡ್ ಯಾಕೆ? ಮುಚ್ಚಿದ ಜಿಪ್‌ನೊಳಗೆ ಆಂಟಿವೈರಸ್ ಇಣುಕಿ ನೋಡಲಾಗದು, ಅದಕ್ಕೆ. ಮುಂದಿನ ಸಾಲು: ‘ಇನ್‌ಸ್ಟಾಲ್ ಮಾಡುವ ಮೊದಲು ಡಿಫೆಂಡರ್ ಆಫ್ ಮಾಡಿ’. ಡಿಫೆಂಡರ್ ವಿಂಡೋಸ್‌ನದೇ ಆಂಟಿವೈರಸ್. ಅದನ್ನು ಆಫ್ ಮಾಡುವುದೆಂದರೆ ಕಾವಲುಗಾರನನ್ನು ಮನೆಗೆ ಕಳಿಸಿ ಕಳ್ಳನಿಗೆ ಬಾಗಿಲು ತೆರೆದಂತೆ. ಈ ಎರಡು ಗುರುತು ಒಟ್ಟಿಗೆ ಕಂಡರೆ ಆ ಫೈಲ್ ಅನ್ನು ಅಲ್ಲೇ ಅಳಿಸಿ.

ಒಳಗೆ ನಡೆಯುವುದು ಏನು

ಓಡಿದ ಕೂಡಲೇ ಡಿಜೆವಿಯು ಕಂಪ್ಯೂಟರ್ ಯಾವ ದೇಶದಲ್ಲಿದೆ ಎಂದು ನೋಡುತ್ತದೆ. ರಷ್ಯಾ ಮತ್ತು ಅದರ ಸುತ್ತಮುತ್ತಲಿನ ಕೆಲವು ದೇಶಗಳಾದರೆ ಸುಮ್ಮನೆ ಹೊರಟುಹೋಗುತ್ತದೆ. ಉಳಿದ ಕಡೆ, ಬಳಕೆದಾರರ ಆಪ್‌ಡೇಟಾ ಫೋಲ್ಡರ್‌ನಲ್ಲಿ ತನ್ನ ನಕಲು ಇಟ್ಟು, ಆ ಫೋಲ್ಡರ್ ಅಳಿಸಲಾಗದಂತೆ ಅನುಮತಿ ಬದಲಿಸಿ, ನಿಗದಿತ ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ಟೈಮ್ ಟ್ರಿಗರ್ ಟಾಸ್ಕ್’ ಎಂಬ ಹೆಸರಿನಲ್ಲಿ ಕೂರುತ್ತದೆ. ಈ ಟಾಸ್ಕ್ 5 ನಿಮಿಷಕ್ಕೊಮ್ಮೆ ಏಳುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬೀಗದ ಕೀ ತರಲು ತನ್ನ ಸರ್ವರ್ ಸಂಪರ್ಕಿಸುತ್ತದೆ. ಸಿಕ್ಕರೆ ನಿಮ್ಮ ಕಂಪ್ಯೂಟರ್‌ಗೆಂದೇ ಬೇರೆ ಕೀ ಬರುತ್ತದೆ, ಇದು ಆನ್‌ಲೈನ್ ಕೀ. ಸರ್ವರ್ ಸಿಗದಿದ್ದರೆ ತನ್ನೊಳಗೇ ಹುದುಗಿಸಿಕೊಂಡು ಬಂದ ಕೀ ಬಳಸುತ್ತದೆ, ಇದು ಆಫ್‌ಲೈನ್ ಕೀ. ಆ ಅವತಾರಕ್ಕೆ ಸಿಕ್ಕಿಬಿದ್ದ ಎಲ್ಲರಿಗೂ ಅದೇ. ನಿಮ್ಮ ಅದೃಷ್ಟ ತೀರ್ಮಾನವಾಗುವುದು ಬಹುಮಟ್ಟಿಗೆ ಇಲ್ಲೇ.

ಬೀಗ ಹಾಕುವಾಗ ಇದು ಇಡೀ ಫೈಲ್ ಮುಟ್ಟುವುದಿಲ್ಲ. ಮೊದಲ 5 ಬೈಟ್ ಬಿಟ್ಟು, ಸುಮಾರು 150 ಕೆಬಿವರೆಗಿನ ಭಾಗವನ್ನು ಮಾತ್ರ ಸಾಲ್ಸಾ20 ಎಂಬ ವಿಧಾನದಿಂದ ಕಲಸುತ್ತದೆ. ಬೇಗ ಮುಗಿಸಬೇಕು, ನೀವು ಎಚ್ಚೆತ್ತುಕೊಳ್ಳುವ ಮೊದಲೇ ಸಾವಿರಾರು ಫೈಲ್ ದಾಟಬೇಕು ಎಂಬ ಲೆಕ್ಕ ಅದರದು. 2019ರ ಆಗಸ್ಟ್ ನಂತರದ ಅವತಾರಗಳು ಆ ಕೀಯನ್ನು ಆರ್‌ಎಸ್‌ಎ ಎಂಬ ಇನ್ನೊಂದು ಬೀಗದೊಳಗಿಟ್ಟು, ಫೈಲ್‌ನ ಕೊನೆಗೆ 334 ಬೈಟ್ ಸೇರಿಸುತ್ತವೆ. ಇದನ್ನು ಕಣ್ಣಾರೆ ನೋಡಬಹುದು: ಯಾರಿಗೋ ಮೇಲ್‌ನಲ್ಲಿ ಕಳಿಸಿದ್ದ ಪಿಡಿಎಫ್ ಇಳಿಸಿಕೊಂಡು, ಬೀಗ ಬಿದ್ದ ಅದೇ ಪಿಡಿಎಫ್‌ನ ಪ್ರಾಪರ್ಟೀಸ್ ಜೊತೆ ಹೋಲಿಸಿ. ಗಾತ್ರದ ವ್ಯತ್ಯಾಸ ಸರಿಯಾಗಿ 334 ಬೈಟ್ ಇದ್ದರೆ ಬಂದಿರುವುದು ಹೊಸ ಡಿಜೆವಿಯು.

ಇದೆಲ್ಲ ನಡೆಯುವಾಗ ಕೆಲವು ಅವತಾರಗಳು ಸುಳ್ಳು ವಿಂಡೋಸ್ ಅಪ್‌ಡೇಟ್ ಕಿಟಕಿಯೊಂದನ್ನು ತೋರಿಸುತ್ತವೆ. ಹಾರ್ಡ್‌ಡಿಸ್ಕ್ ಲೈಟ್ ಬಿಡದೆ ಮಿನುಗುತ್ತಿರುವುದಕ್ಕೆ ಒಂದು ನೆಪ ಬೇಕಲ್ಲ. ವೆಬ್‌ಸೈಟ್ ವಿಳಾಸಗಳ ಪಟ್ಟಿಯಂತಿರುವ ಹೋಸ್ಟ್ಸ್ ಫೈಲ್ ತಿದ್ದಿ, ವೈರಸ್ ತೆಗೆಯುವ ವಿಧಾನ ತಿಳಿಸುವ ವೆಬ್‌ಸೈಟ್‌ಗಳು ತೆರೆಯದಂತೆಯೂ ಮಾಡುತ್ತದೆ. ವಿಂಡೋಸ್ ಇಟ್ಟುಕೊಂಡಿರುವ ಹಳೆಯ ನಕಲುಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು ಅಳಿಸಲು ನೋಡುತ್ತದೆ. ಎಷ್ಟೋ ಬಾರಿ ಜೊತೆಯಲ್ಲಿ ವಿಡಾರ್, ರೆಡ್‌ಲೈನ್‌ನಂಥ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್‌ಗಳೂ ಬಂದಿರುತ್ತವೆ. ಕೊನೆಗೆ ಪ್ರತಿ ಫೋಲ್ಡರ್‌ನಲ್ಲಿ ರೀಡ್‌ಮಿ ಎಂಬ ಟೆಕ್ಸ್ಟ್ ಫೈಲ್: ಹೆಚ್ಚಿನ ಅವತಾರಗಳಲ್ಲಿ ಬೇಡಿಕೆ 980 ಡಾಲರ್, 72 ಗಂಟೆಯೊಳಗಾದರೆ 490.

ಮೊದಲ ಹತ್ತು ನಿಮಿಷ

ಐಕಾನ್‌ಗಳು ಬಿಳಿಯಾಗುತ್ತಾ, ಹೆಸರುಗಳಿಗೆ ಬಾಲ ಬೆಳೆಯುತ್ತಾ ಹೋಗುವುದು ಕಂಡರೆ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ನೆಟ್ ಕೇಬಲ್ ಕಿತ್ತರೆ ಸಾಕು ಎನ್ನುವವರಿದ್ದಾರೆ, ಸಾಲದು. ಕೇಬಲ್ ಕಿತ್ತರೆ ಪಕ್ಕದ ಕಂಪ್ಯೂಟರ್‌ನ ಶೇರ್ಡ್ ಫೋಲ್ಡರ್ ಉಳಿಯುತ್ತದೆ. ಈ ಕಂಪ್ಯೂಟರ್‌ನೊಳಗಿನ ಬೀಗ ಹಾಕುವ ಕೆಲಸಕ್ಕೆ ನೆಟ್ ಬೇಡವೇ ಬೇಡ. ಎರಡನ್ನೂ ಮಾಡಿ. ಇದು ಮನೆ, ಅಂಗಡಿಗಳಿಗೆ ಹೇಳಿದ ಮಾತು. ಸರ್ವರ್ ಇರುವ ಆಫೀಸಾದರೆ, ತನಿಖೆಗೆ ಮೆಮೊರಿಯಲ್ಲಿನ ಸಾಕ್ಷ್ಯ ಬೇಕಾಗುತ್ತದೆ. ಅಲ್ಲಿ ಮೊದಲು ನೆಟ್‌ವರ್ಕ್ ಕಡಿದು, ಬಲ್ಲವರನ್ನು ಕೇಳಿ ಮುಂದುವರಿಯಬೇಕು.

ಅತಿ ದುಬಾರಿ ತಪ್ಪು ಇದರ ನಂತರ ಆಗುತ್ತದೆ. ಉಳಿದ ಫೈಲ್‌ಗಳನ್ನಾದರೂ ಕಾಪಿ ಮಾಡೋಣ ಎಂದು ಕಂಪ್ಯೂಟರ್ ಆನ್ ಮಾಡಿ ಬ್ಯಾಕಪ್ ಡಿಸ್ಕ್ ಚುಚ್ಚುತ್ತಾರೆ. 5 ನಿಮಿಷಕ್ಕೊಮ್ಮೆ ಏಳುವ ಆ ಟಾಸ್ಕ್ ಎದ್ದು ಬ್ಯಾಕಪ್‌ಗೂ ಬೀಗ ಹಾಕುತ್ತದೆ. ಆ ವಿಂಡೋಸ್‌ಅನ್ನು ಮತ್ತೆ ಬೂಟ್ ಮಾಡಲೇಬೇಡಿ. ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಅಲ್ಲದ ಬೇರೆ ಆಪರೇಟಿಂಗ್ ಸಿಸ್ಟಮ್) ಹಾಕಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆಯ್ಕೆಯಲ್ಲಿ ಬೂಟ್ ಮಾಡಿದರೆ ವಿಂಡೋಸ್‌ನ ವೈರಸ್ ಏಳುವುದಿಲ್ಲ. ಅಲ್ಲಿಂದ ಹೊಸ ಡಿಸ್ಕ್‌ಗೆ ಎಲ್ಲವನ್ನೂ ಕಾಪಿ ಮಾಡಿ: ಉಳಿದ ಫೈಲ್, ಬೀಗ ಬಿದ್ದ ಫೈಲ್, ರೀಡ್‌ಮಿ, ಸಿ ಡ್ರೈವ್‌ನ ಸಿಸ್ಟಮ್‌ಐಡಿ ಫೋಲ್ಡರ್‌ನಲ್ಲಿರುವ ಪರ್ಸನಲ್‌ಐಡಿ ಫೈಲ್. ಡಿಸ್ಕ್‌ಗೆ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ರಿಕವರಿ ಕೀ ಕೈಯಲ್ಲಿರಲಿ.

ಆ ಐಡಿಯ ಕೊನೆಯ ಎರಡು ಅಕ್ಷರ ನೋಡಿ. ‘ಟಿ1’ ಎಂದು ಮುಗಿದರೆ ಆಫ್‌ಲೈನ್ ಕೀ ಬಳಕೆಯಾಗಿದೆ. ಆ ಅವತಾರದ ಕೀ ಸಂಶೋಧಕರ ಕೈಗೆ ಸಿಕ್ಕಿದ್ದರೆ ಆಂಟಿವೈರಸ್ ಕಂಪನಿ ಎಮ್ಸಿಸಾಫ್ಟ್‌ನ ಉಚಿತ ಡಿಕ್ರಿಪ್ಟರ್ ಫೈಲ್‌ಗಳನ್ನು ಬಿಡಿಸುತ್ತದೆ. ಇನ್ನೂ ಸಿಕ್ಕಿಲ್ಲದಿದ್ದರೆ ಡಿಸ್ಕ್ ಜೋಪಾನವಾಗಿಟ್ಟು ಕೆಲವು ತಿಂಗಳಿಗೊಮ್ಮೆ ಪ್ರಯತ್ನಿಸಿ. ಆನ್‌ಲೈನ್ ಕೀಯ ಹೊಸ ಅವತಾರಕ್ಕೆ ಡಿಕ್ರಿಪ್ಟರ್ ಕೆಲಸ ಮಾಡದು. ‘ನೂರಕ್ಕೆ ನೂರು ಬಿಡಿಸಿಕೊಡುತ್ತೇವೆ’ ಎನ್ನುವವರು ಕಳ್ಳರಿಗೆ ತಾವೇ ದುಡ್ಡು ಕಟ್ಟಿ ನಿಮ್ಮಿಂದ ಹೆಚ್ಚು ವಸೂಲಿ ಮಾಡುವವರಿರಬಹುದು, ಇಲ್ಲವೇ ಬರೀ ಸುಳ್ಳು. 2019ರ ಆಗಸ್ಟ್‌ಗಿಂತ ಹಳೆಯ ದಾಳಿಯ ಫೈಲ್‌ಗಳು ಯಾವುದೋ ಡಿಸ್ಕ್‌ನಲ್ಲಿ ಬಿದ್ದಿದ್ದರೆ ಅವಕ್ಕೆ ದಾರಿಯಿದೆ: 150 ಕೆಬಿಗಿಂತ ದೊಡ್ಡದಾದ ಒಂದು ಫೈಲ್‌ನ ಮೂಲ ಮತ್ತು ಬೀಗ ಬಿದ್ದ ಪ್ರತಿ ಎರಡನ್ನೂ ಒದಗಿಸಿದರೆ ಅದೇ ಡಿಕ್ರಿಪ್ಟರ್ ಕಲಿತುಕೊಳ್ಳುತ್ತದೆ. ಜೆಪೆಗ್‌ಗೆ ಒಂದು ಜೋಡಿ, ಪಿಡಿಎಫ್‌ಗೆ ಒಂದು, ವರ್ಡ್‌ಗೆ ಒಂದು, ಹೀಗೆ ಬೇರೆ ಬೇರೆ ಜೋಡಿ ಬೇಕು.

ಕೀ ಇಲ್ಲದೆಯೂ ಉಳಿಯುವುದು

ಸುಮಾರು 150 ಕೆಬಿ ಎಂಬ ಆ ಗಡಿ ಇಲ್ಲಿ ನಮ್ಮ ಕಡೆ ನಿಲ್ಲುತ್ತದೆ. ನುಡಿಯಲ್ಲಿ ಟೈಪ್ ಮಾಡಿದ ಎರಡು ಪುಟದ ಅರ್ಜಿ ಬಹುತೇಕ 150 ಕೆಬಿಗಿಂತ ಚಿಕ್ಕದು, ಪೂರ್ತಿ ಕಲಸಿಹೋಗಿರುತ್ತದೆ. 2 ಜಿಬಿಯ ವಿಡಿಯೊದಲ್ಲಿ ಕೆಟ್ಟಿರುವುದು ತಲೆಯ ಭಾಗ ಮಾತ್ರ. ಅಂಟಿಸಿದ ಬಾಲವನ್ನು ಹೆಸರಿನಿಂದ ತೆಗೆದ ಮಾತ್ರಕ್ಕೆ ಏನೂ ತೆರೆಯದು, ಆದರೆ ತಲೆ ಸರಿಪಡಿಸಬಹುದು. ಡಿಸ್ಕ್‌ಟೂನಾದ ಮೀಡಿಯಾ ರಿಪೇರ್ ಎಂಬ ಉಚಿತ ಟೂಲ್ ಎಂಪಿ4, ಎಂಒವಿ, ಎಂಪಿ3, ವೇವ್ ಫೈಲ್‌ಗಳಿಗೆ ಇದನ್ನು ಮಾಡುತ್ತದೆ. ವಿಡಿಯೊಗೆ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ಫೈಲ್ ಮಾದರಿಯಾಗಿ ಬೇಕು. ರೆಸಲ್ಯೂಷನ್ ಅಥವಾ ಫ್ರೇಮ್ ರೇಟ್ ಬೇರೆಯಾದರೆ ಚಿತ್ರ ಚಿಂದಿಯಾಗಿ ಬರುತ್ತದೆ. ದೊಡ್ಡ ಜಿಪ್‌ನಲ್ಲಿ ಹತ್ತಾರು ಫೈಲ್ ಇದ್ದರೆ 7-ಜಿಪ್‌ನಲ್ಲಿ ತೆರೆಯಿರಿ. ಆರಂಭದ ಒಂದೆರಡು ಕೆಟ್ಟು ಉಳಿದವು ಹೊರಬರುವುದುಂಟು.

ಫೋಟೊಗಳಿಗೆ ಕಂಪ್ಯೂಟರ್‌ಗಿಂತ ಕ್ಯಾಮೆರಾ ಕಾರ್ಡ್ ನಂಬಿ. ಫಾರ್ಮ್ಯಾಟ್ ಮಾಡಿದ ಎಸ್‌ಡಿ ಕಾರ್ಡ್‌ನ ಮೇಲೆ ಹೊಸ ಶೂಟಿಂಗ್ ಬಿದ್ದಿಲ್ಲದಿದ್ದರೆ ಫೋಟೊರೆಕ್ ಎಂಬ ಟೂಲ್ ಹಳೆಯ ಚಿತ್ರಗಳನ್ನು ಎತ್ತಿಕೊಡಬಲ್ಲದು. ವಾಟ್ಸ್‌ಆ್ಯಪ್, ಜಿಮೇಲ್‌ನ ಸೆಂಟ್ ಮೇಲ್, ಗ್ರಾಹಕರ ಫೋನ್ ಎಲ್ಲವನ್ನೂ ಕೆದಕಿ. ಗೂಗಲ್ ಡ್ರೈವ್ ಸಿಂಕ್ ಇದ್ದರೆ ಬೀಗ ಬಿದ್ದ ಫೈಲೇ ಮೇಲಕ್ಕೆ ಹೋಗಿರುತ್ತದೆ, ಆದರೂ ಹಳೆಯ ಆವೃತ್ತಿ ಸಾಮಾನ್ಯವಾಗಿ 30 ದಿನ ಇರುತ್ತದೆ. ಆ ಗಡುವು ದಾಟುವ ಮುನ್ನ ನೋಡಿ.

ಇನ್ನು ಫೋನಿನಿಂದ, ಆ ಕಂಪ್ಯೂಟರ್‌ನಿಂದಲ್ಲ, ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಎಲ್ಲ ಪಾಸ್‌ವರ್ಡ್ ಬದಲಿಸಿ. ಮೊದಲು ಇಮೇಲ್, ನಂತರ ಬ್ಯಾಂಕ್. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ದೂರನ್ನು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಅಥವಾ ಸಿಇಎನ್ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂಸ್ಥೆಗಳು ಇಂಥ ಘಟನೆಯನ್ನು ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನ ಆದೇಶವಿದೆ. ಫೈಲ್‌ಗಳೆಲ್ಲ ಬೇರೆ ಡಿಸ್ಕ್‌ಗೆ ಹೋದ ಮೇಲಷ್ಟೇ ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ. ಡಿಕ್ರಿಪ್ಟರ್ ಓಡಿಸುವುದೂ ಈ ಹೊಸ ವಿಂಡೋಸ್‌ನಲ್ಲೇ.

ಮತ್ತೆ ಬಾರದಂತೆ

ವಿಂಡೋಸ್ ಸೆಕ್ಯೂರಿಟಿಯಲ್ಲಿ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಒಳಗೆ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಇದೆ, ಆನ್ ಮಾಡಿ. ಇದು ತಾನಾಗಿ ಕಾಯುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳನ್ನು. ನಮ್ಮಲ್ಲಿ ಎಲ್ಲರೂ ಕೆಲಸದ ಫೈಲ್ ಇಡುವುದು ಡಿ ಡ್ರೈವ್‌ನಲ್ಲಿ, ಅದನ್ನು ‘ಪ್ರೊಟೆಕ್ಟೆಡ್ ಫೋಲ್ಡರ್ಸ್’ ಪಟ್ಟಿಗೆ ನೀವೇ ಸೇರಿಸಬೇಕು. ಸೇರಿಸಿದ ಮೇಲೆ ಕೆಲವು ಹಳೆಯ ಪ್ರೋಗ್ರಾಮ್‌ಗಳು ಸೇವ್ ಮಾಡಲಾಗದೆ ಎಡವುತ್ತವೆ. ರಕ್ಷಣೆಯನ್ನೇ ಆಫ್ ಮಾಡಬೇಡಿ, ಆ ಒಂದು ಪ್ರೋಗ್ರಾಮ್‌ಗೆ ಮಾತ್ರ ಅನುಮತಿ ಕೊಡಿ. ಬೇರೆ ಆಂಟಿವೈರಸ್ ಹಾಕಿ ಡಿಫೆಂಡರ್ ಮಲಗಿದ್ದರೆ ಈ ಸೌಲಭ್ಯ ಕೆಲಸ ಮಾಡುವುದಿಲ್ಲ. ಫೋಟೊಶಾಪ್‌ಗೆ ದುಡ್ಡಿಲ್ಲದಿದ್ದರೆ ಗಿಂಪ್, ಆಫೀಸ್‌ಗೆ ಲಿಬ್ರೆಆಫೀಸ್ ಹಾಕಿಕೊಳ್ಳಿ. ಕಲಿಯಲು ಒಂದು ವಾರ ಹಿಡಿಯಬಹುದು.

ಬ್ಯಾಕಪ್‌ಗೆ ಎರಡು ಡಿಸ್ಕ್ ಬೇಕು, ಒಂದು ಸಾಲದು. ಶನಿವಾರ ಸಂಜೆ ಒಂದು, ಮುಂದಿನ ಶನಿವಾರ ಇನ್ನೊಂದು. ಮುಗಿದ ಕೂಡಲೇ ಕಿತ್ತು ಬೀರುವಿಗೆ. ಸದಾ ಚುಚ್ಚಿಟ್ಟ ಡಿಸ್ಕ್ ವೈರಸ್ ಕಣ್ಣಿಗೆ ಇನ್ನೊಂದು ಡ್ರೈವ್ ಅಷ್ಟೇ. ಟ್ಯಾಲಿ ಡೇಟಾ ಕಾಪಿ ಮಾಡುವ ಮೊದಲು ಟ್ಯಾಲಿ ಮುಚ್ಚಿ, ತೆರೆದಿರುವಾಗ ಎತ್ತಿದ ನಕಲು ಅರ್ಧಂಬರ್ಧ ಆಗಬಹುದು. ಮಿರರ್ ಮಾಡುವ, ಅಂದರೆ ಮೂಲದಲ್ಲಿದ್ದಂತೆಯೇ ನಕಲನ್ನೂ ಬದಲಿಸುವ ಸಾಫ್ಟ್‌ವೇರ್ ಬಳಸಿದರೆ ಕೆಟ್ಟ ಫೈಲ್ ಬಂದು ಒಳ್ಳೆಯದು ಅಳಿಸಿಹೋಗುತ್ತದೆ, ಅದಕ್ಕೆ ಪ್ರತಿ ಸಲ ತಾರೀಖು ಹಾಕಿದ ಹೊಸ ಫೋಲ್ಡರ್‌ಗೆ ಕಾಪಿ ಮಾಡಿ. ಮೂರು ತಿಂಗಳಿಗೊಮ್ಮೆ ಆ ಡಿಸ್ಕ್ ಅನ್ನು ಬೇರೊಂದು ಕಂಪ್ಯೂಟರ್‌ಗೆ ಹಾಕಿ ಒಂದು ವರ್ಡ್ ಫೈಲ್, ಒಂದು ಫೋಟೊ, ಒಂದು ವಿಡಿಯೊ ತೆರೆದು ನೋಡಿ, ಟ್ಯಾಲಿ ಬ್ಯಾಕಪ್ ರಿಸ್ಟೋರ್ ಮಾಡಿ ಕಳೆದ ತಿಂಗಳ ಬಾಕಿ ತಾಳೆಯಾಗುತ್ತದೆಯೇ ಪರೀಕ್ಷಿಸಿ.