ರಾಣೆಯವರ ನಾಲ್ಕು ದಿನಗಳನ್ನು ಚಿತ್ರವಾಗಿಸಿದ ಬಗೆ

ಕಾರವಾರ ತಾಲ್ಲೂಕಿನ ಚೆಂಡಿಯಾದವರಾದ ರಾಮ ರಾಘೋಬಾ ರಾಣೆಯವರ ಕುರಿತು ಅರ್ಧ ಗಂಟೆಯ ಕಿರುಚಿತ್ರವೊಂದನ್ನು ಬರೆದು ನಿರ್ದೇಶಿಸಲು ಹೊರಟಾಗ ನಾನು ಮೊದಲು ಮಾಡಿದ ಕೆಲಸ, ಅವರ ಬದುಕಿನ ಬಹುಭಾಗವನ್ನು ಬಿಟ್ಟುಬಿಟ್ಟದ್ದು. 1918ರಲ್ಲಿ ಹುಟ್ಟಿ 1994ರಲ್ಲಿ ತೀರಿಕೊಂಡವರ ಇಡೀ ಜೀವನವನ್ನು ಅಷ್ಟು ಹೊತ್ತಿನಲ್ಲಿ ಹೇಳಹೋದರೆ ಅದು ಜಯಂತಿಯ ಭಾಷಣವಾಗುತ್ತದೆ. ಆದ್ದರಿಂದ 1948ರ ಏಪ್ರಿಲ್ 8ರಿಂದ 11ರವರೆಗಿನ ದಿನಗಳನ್ನಷ್ಟೇ ಆರಿಸಿಕೊಂಡೆ. ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದ ಅವರು, ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ, ಜಮ್ಮು ಪ್ರಾಂತದ ನೌಶೇರಾದಿಂದ ರಜೌರಿಯ ಕಡೆಗೆ ಟ್ಯಾಂಕುಗಳು ಸಾಗುವಂತೆ ನೆಲಬಾಂಬುಗಳನ್ನು ತೆಗೆದು ದಾರಿ ಮಾಡಿಕೊಟ್ಟ ದಿನಗಳು ಅವು.

ಚಿತ್ರಕಥೆಗೆ ಆಧಾರವಾದದ್ದು ಇದಕ್ಕಾಗಿ ಅವರಿಗೆ ಸಂದ ಪರಮವೀರ ಚಕ್ರದ ಪ್ರಶಸ್ತಿಪತ್ರ. ಅದರಲ್ಲಿ ಹೊಗಳಿಕೆಗಿಂತ ಗಡಿಯಾರದ ಲೆಕ್ಕವೇ ಹೆಚ್ಚು: ಮೊದಲ ದಿನ ಮಾರ್ಟರ್ ದಾಳಿಯಲ್ಲಿ ಇಬ್ಬರು ಸತ್ತು, ರಾಣೆಯವರೂ ಸೇರಿ ಐವರು ಗಾಯಗೊಂಡರು, ಅಂದು ರಾತ್ರಿ 10ರವರೆಗೆ, ಮರುದಿನ ಬೆಳಿಗ್ಗೆ 6ರಿಂದ ಮಧ್ಯಾಹ್ನ 3ರವರೆಗೆ, 10ನೇ ತಾರೀಖು ನಸುಕಿನ 4.45ರಿಂದ ಮತ್ತೆ ಕೆಲಸ. ಈ ಹೊತ್ತುಗಳನ್ನೇ ದೃಶ್ಯಗಳಾಗಿ ಜೋಡಿಸಿದೆ. ತಾಯಿ ಮಗನನ್ನು ಬೀಳ್ಕೊಡುವ ದೃಶ್ಯ ಬೇಕೆಂದು ಗೆಳೆಯರು ಪಟ್ಟು ಹಿಡಿದರು. ಅಂಥದ್ದಕ್ಕೆ ದಾಖಲೆಯಿಲ್ಲದ್ದರಿಂದ ನಾನು ಒಪ್ಪಲಿಲ್ಲ. ಪ್ರೇಕ್ಷಕರ ಕಣ್ಣೊರೆಸಲು ಸಿನಿಮಾದವರು ಇಟ್ಟುಕೊಂಡಿರುವ ಸಿದ್ಧ ಕರವಸ್ತ್ರ ಅದು.

ಚಿತ್ರೀಕರಣ ಮಾತ್ರ ಸುಲಭವಿರಲಿಲ್ಲ. ನಮ್ಮ ಕರಾವಳಿಯ ಚಿರೆಕಲ್ಲಿನ ಕೆಂಪು ಮಣ್ಣು ಯಾವ ಕೋನದಿಂದಲೂ ಜಮ್ಮುವಿನ ನೆಲದಂತೆ ಕಾಣುವುದಿಲ್ಲವಾದ್ದರಿಂದ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಮುಗಿಸಬೇಕೆಂದು ಮೊದಲೇ ನಿರ್ಧರಿಸಿದ್ದೆವು. ಶತ್ರುಗಳು ಪೈನ್ ಮರಗಳನ್ನು ಅಡ್ಡಹಾಕಿ ರಸ್ತೆ ತಡೆದಿದ್ದು, ರಾಣೆಯವರು ಅವುಗಳನ್ನು ಸಿಡಿಸಿ ತೆಗೆದರು. ಆ ದೃಶ್ಯಕ್ಕೆ ಗಾಳಿಗೆ ಉರುಳಿಬಿದ್ದ ಗಾಳಿಮರಗಳನ್ನು ಬಳಸಿಕೊಂಡೆವು. ಸೂಜಿಯಂಥ ಎಲೆಗಳಿರುವುದರಿಂದ ತುಸು ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ.

ಹೆಚ್ಚು ಚರ್ಚೆಯಾದದ್ದು ಟ್ಯಾಂಕಿನ ಕುರಿತು. ಚಲಿಸುವ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸಂಜ್ಞೆ ಕೊಡುತ್ತ ರಾಣೆಯವರು ಮುಂದೆ ಸಾಗಿದರೆಂಬ ವಿವರ ಪ್ರಶಸ್ತಿಪತ್ರದಲ್ಲಿಲ್ಲ, ಅವರನ್ನು ಕುರಿತ ಬೇರೆ ಬರಹಗಳಲ್ಲಿ ಬರುತ್ತದೆ. ಅದನ್ನು ಉಳಿಸಿಕೊಂಡೆ, ಆದರೆ ಟ್ಯಾಂಕನ್ನು ಹೊರಗಿನಿಂದ ತೋರಿಸಲಿಲ್ಲ. ಹಳೆಯ ಲಾರಿಯೊಂದರ ಅಡಿಭಾಗಕ್ಕೆ ಪ್ಲೈವುಡ್ ಹಲಗೆ ಬಡಿದು, ಕಪ್ಪು ಬಣ್ಣ ಬಳಿದು, ಎಂಜಿನ್ ಆರಿಸಿ ಹಿಂದಿನಿಂದ ಜನರೇ ತಳ್ಳುವಂತೆ ಮಾಡಿದೆವು. ಕ್ಯಾಮೆರಾವನ್ನು ನಟನ ಮುಖದ ಮಟ್ಟದಲ್ಲಿ ನೆಲಕ್ಕೇ ಇಟ್ಟಿದ್ದರಿಂದ ಹಗ್ಗ, ಬೆವರು, ಮೇಲೆ ಕವಿದ ಹಲಗೆ ಇಷ್ಟೇ ಕಾಣುತ್ತವೆ. ಟ್ಯಾಂಕಿನ ಸದ್ದನ್ನು ನಂತರ ಸೇರಿಸಿದೆವು.

ಸತ್ತ ಇಬ್ಬರು ಸೈನಿಕರ ಪಾತ್ರಗಳಿಗೆ ಹೆಸರು ಕಟ್ಟಲು ಮನಸ್ಸಾಗಲಿಲ್ಲ, ಅವರೂ ನಿಜವಾಗಿ ಬದುಕಿದ್ದವರು. ಸಂಭಾಷಣೆಯನ್ನು ಆಜ್ಞೆ, ಎಚ್ಚರಿಕೆಗಳ ಮಟ್ಟಿಗೇ ಇಳಿಸಿ, ಆ ಮಾತುಗಳು ಕಲ್ಪಿತವೆಂದು ಆರಂಭದ ಫಲಕದಲ್ಲಿ ತಿಳಿಸಿದ್ದೇವೆ. ಏಪ್ರಿಲ್ 11ರ ಬೆಳಿಗ್ಗೆ 11ರ ಹೊತ್ತಿಗೆ ರಜೌರಿಯ ದಾರಿಯಲ್ಲಿರುವ ಚಿಂಗಸ್‌ವರೆಗಿನ ರಸ್ತೆ ತೆರೆಯುವಲ್ಲಿಗೆ ಚಿತ್ರ ಮುಗಿಯುತ್ತದೆ. 1950ರಲ್ಲಿ ಪ್ರಕಟವಾದ ಪದಕದ ಸಂಗತಿಗೆ ಕೊನೆಯ ಫಲಕದಲ್ಲಿ ಒಂದು ಸಾಲು ಸಾಕಾಯಿತು.