ಅಡಿಕೆ ಒಣಗಿಸುವ ಅಂಗಳ ಎಲ್ಲಿ?

2024ರ ಏಪ್ರಿಲ್‌ನಲ್ಲಿ ದಾವಣಗೆರೆ ಬಿಟ್ಟು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳಕ್ಕೆ ಬಂದೆ. ಮನೆಗಳ ತಾರಸಿಗೆ ಸೋಲಾರ್ ಹಾಕುವ ಸಣ್ಣ ತಂಡದಲ್ಲಿ ಕೆಲಸ. ಆ ಫೆಬ್ರವರಿಯಲ್ಲಷ್ಟೇ ಪಿಎಂ ಸೂರ್ಯ ಘರ್ ಯೋಜನೆ ಶುರುವಾಗಿತ್ತು. 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂದ ಮೇಲೆ ಕೇಳಬೇಕೇ, ಫೋನಿಗೆ ಬಿಡುವೇ ಇರಲಿಲ್ಲ. ನನಗೆ ತುಳು ಬಾರದು, ಮಲಯಾಳವಂತೂ ಇಲ್ಲವೇ ಇಲ್ಲ. ಹಾಗಾಗಿ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಓಡಾಟ ಜೊತೆಗಾರನ ಪಾಲಿಗೆ, ತಾರಸಿ ಅಳತೆ ನನ್ನ ಪಾಲಿಗೆ.

ಆ ಅಳತೆಯಲ್ಲೇ ಎಡವಿದೆ.

ಬಾಯಾರು ಕಡೆಯ ಒಂದು ತೋಟದ ಮನೆ. ಏಪ್ರಿಲ್ ಕೊನೆ, ಮಧ್ಯಾಹ್ನ ಹನ್ನೆರಡೂವರೆ. ತಾರಸಿ ಮೇಲೆ ಚೂರೂ ನೆರಳಿಲ್ಲ. ದಕ್ಷಿಣಕ್ಕೆ ನಾಲ್ಕೇ ಮೀಟರ್ ದೂರದಲ್ಲಿ ಎರಡು ತೆಂಗಿನ ಮರ ಇದ್ದವು. ನೋಡಿದೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆರು ಪ್ಯಾನಲ್ ಒಂದೇ ಸಾಲಿಗೆ ಕೂರಿಸಿ ಬಂದೆವು. ಮಳೆಗಾಲದಲ್ಲಿ ಕರೆಂಟು ಕಡಿಮೆ ಬಂದಾಗ ಮೋಡ ಅಂದುಕೊಂಡೆವು. ಡಿಸೆಂಬರ್‌ನಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು. ಆಗಲೂ ಎಷ್ಟು ಕರೆಂಟು ಬಂತೆಂದು ತೋರಿಸುವ ಇನ್ವರ್ಟರ್ ಗ್ರಾಫ್ ನಡು ಮಧ್ಯಾಹ್ನ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು.

ಕಾರಣ ಸರಳ. ಕಾಸರಗೋಡಿಗೆ ಏಪ್ರಿಲ್ ಕೊನೆಯ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಡಿಸೆಂಬರ್‌ನಲ್ಲಿ ಅದು ದಕ್ಷಿಣಕ್ಕೆ ವಾಲಿ, ಸುಮಾರು 54 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ತಾರಸಿಗಿಂತ ಹತ್ತು ಮೀಟರ್ ಎತ್ತರದ ತೆಂಗು ಆಗ ಉತ್ತರಕ್ಕೆ ಏಳು ಮೀಟರ್ ನೆರಳು ಚೆಲ್ಲುತ್ತದೆ. ಪ್ಯಾನಲ್‌ಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ, ಸಾಲಿನಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು. ಓದುವಾಗ ಇದೆಲ್ಲ ಗೊತ್ತಿತ್ತು, ಅಲ್ವಾ? ಗೊತ್ತಿತ್ತು.

ಮತ್ತೆ ನೋಡಲು ಹೋದಾಗ ಮನೆಯ ಅಜ್ಜಿ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ಮರಗಳ ನೆರಳು ಬೀಳುವ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. "ಬಿಸಿಲು ಎಲ್ಲಿ ಉಂಟು, ಎಲ್ಲಿ ಇಲ್ಲ ಅಂತ ನನ್ನತ್ರ ಕೇಳ್ಬಹುದಿತ್ತಲ್ಲ ಮಾರಾಯ" ಅಂದರು. ನಲವತ್ತು ದಿನ ಅಡಿಕೆ ಒಣಗಿಸುವವರಿಗೆ ನನ್ನ ಲೆಕ್ಕ ಬೇಕಾ?

ಆ ಭಾನುವಾರ ಮನಸ್ಸಿಗೆ ಪಿಚ್ಚೆನಿಸಿ ಸುಮ್ನೆ ಪೊಸಡಿ ಗುಂಪೆ ಹತ್ತಿದೆ. ಧರ್ಮತ್ತಡ್ಕದ ಹತ್ತಿರದ ಗುಡ್ಡೆ, ಎತ್ತರ ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ತಿಳಿಯಾದ ದಿನ ಈಶಾನ್ಯಕ್ಕೆ ಕುದುರೆಮುಖದ ಸಾಲು. ಒಣಗಿದ ಮುಳಿಹುಲ್ಲಿನ ಬೀಜ ಪ್ಯಾಂಟಿಗೆಲ್ಲ ಮೆತ್ತಿಕೊಂಡಿತು. ಬಯಲುಸೀಮೆಯವನಿಗೆ ಇದೊಂದು ಹೊಸ ಕಾಟ. ಐದು ಗಂಟೆಯ ಹೊತ್ತಿಗೆ ಗುಡ್ಡೆಯ ನೆರಳು ಪೂರ್ವದ ತಗ್ಗಿನ ಬೈಲಿಗೆ ಇಳಿದು, ಅಡಿಕೆ ತೋಟಗಳನ್ನು ಒಂದೊಂದಾಗಿ ನುಂಗತೊಡಗಿತು. ಅಲ್ಲಿನ ಮನೆಗಳಿಗೆ ಸಂಜೆಯಾಗಿತ್ತು. ಈಚೆ ಪಶ್ಚಿಮದ ಮನೆಗಳ ಮೇಲೆ ಇನ್ನೂ ಹಳದಿ ಬಿಸಿಲು. ಈ ಊರಲ್ಲಿ ಒಂದೊಂದು ಮನೆಗೆ ಒಂದೊಂದು ಹಗಲು! ದಾವಣಗೆರೆಯಲ್ಲಿ ಇದು ನನ್ನ ತಲೆಗೇ ಬಂದಿರಲಿಲ್ಲ.

ಕಾಯಿ ಬಿಡುವ ತೆಂಗು ಕಡಿಸಿ ಅನ್ನಲು ಬಾಯಿ ಬರಲಿಲ್ಲ. ಪ್ಯಾನಲ್‌ಗಳನ್ನೇ ಬಿಚ್ಚಿ ತಾರಸಿಯ ಉತ್ತರದ ಅಂಚಿಗೆ ಸರಿಸಿದೆವು. ಎರಡು ದಿನದ ಕೆಲಸ, ಖರ್ಚು ನಮ್ಮದೇ. ಗ್ರಾಫಿನ ಬಿದ್ದ ಹಲ್ಲು ಮತ್ತೆ ಬಂತು.

ಈಗ ಅಳತೆಗೆ ಹೋಗುವ ಮೊದಲು ಸಾಧ್ಯವಾದರೆ ಹತ್ತಿರದ ಗುಡ್ಡೆ ಹತ್ತಿ ಬೈಲು ನೋಡುತ್ತೇನೆ. ಮನೆ ತಲುಪಿದ ಮೇಲೆ ಮೊದಲ ಪ್ರಶ್ನೆ, "ಅಡಿಕೆ ಎಲ್ಲಿ ಒಣಗಿಸ್ತೀರಿ?" ಮೊನ್ನೆ ಒಬ್ಬರು ನನ್ನನ್ನು ಅಡಿಕೆ ವ್ಯಾಪಾರಿ ಅಂದುಕೊಂಡು, ಈ ಸಲ ರೇಟು ಎಷ್ಟು ಅಂತ ಕೇಳಿದರು.