ವೆರೋ ಮೂಕ, ಕಿವುಡಲ್ಲ

ಒಂದು ವೈರಸ್ ಹೊಕ್ಕ ಮೇಲೆ ಕೋಶಗಳು ಎಷ್ಟೋ ಸಲ ಇನ್ನೊಂದನ್ನು ಸುಲಭಕ್ಕೆ ಬೆಳೆಯಗೊಡುವುದಿಲ್ಲ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್, ಲಿಂಡೆನ್‌ಮನ್ ಇದರ ಬೆನ್ನು ಹತ್ತಿಯೇ ಇಂಟರ್‌ಫೆರಾನ್ ಕಂಡುಹಿಡಿದದ್ದು. ವೈರಸ್ ತಗುಲಿದ ಕೋಶ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸಲು ಹೊರಬಿಡುವ ಪ್ರೋಟೀನು ಅದು. ಪುಣೆಯ ಲ್ಯಾಬಿಗೆ ಸೇರಿದ ಮೊದಲ ವರ್ಷ, ಈ ತಡೆಯನ್ನು ಕಣ್ಣಾರೆ ನೋಡಬೇಕೆಂಬ ಹುಕಿ ನನಗೂ ಹತ್ತಿತು.

ಮೊದಲ ವೈರಸ್ಸಿಗೆ ರಾಣಿಖೇತ್ ಲಸಿಕೆಯ ಲಸೋಟಾ ತಳಿ ತೆಗೆದುಕೊಂಡೆ. ಊರಲ್ಲಿ ಕೋಳಿ ಸಾಕುವವರು ಕೊಕ್ಕರೆ ರೋಗ ಅನ್ನುತ್ತಾರಲ್ಲ, ಅದೇ. ಮರುದಿನ ಅದರ ಮೇಲೆ, ಪ್ರಾಣಿಗಳ ಮಿದುಳು, ಹೃದಯಕ್ಕೆ ಉರಿಯೂತ ತರುವ ಇಎಂಸಿ ವೈರಸ್. ಇದು ಕೋಶಗಳನ್ನು ಒಂದೆರಡು ದಿನದಲ್ಲಿ ಮುಗಿಸುತ್ತದೆ. ಆಮೇಲೆ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ ತೊಳೆದರೆ ಬದುಕಿದ ಕೋಶ ನೇರಳೆ, ಸತ್ತ ಕಡೆ ಬರೀ ಪಾರದರ್ಶಕ ಪ್ಲಾಸ್ಟಿಕ್ಕು.

ಕೈಗೆ ಸುಲಭವಾಗಿ ಸಿಕ್ಕಿದ್ದು ವೆರೋ, ಮಂಗನ ಮೂತ್ರಪಿಂಡದ ಕೋಶ. ಮೂರು ಸಲ ಮಾಡಿದೆ, ಮೂರು ಸಲವೂ ಪ್ಲೇಟು ಖಾಲಿ. ಪಿಪೆಟ್ಟಿನ ಮೇಲೆ ಸಂಶಯ, ಇನ್‌ಕ್ಯುಬೇಟರ್ ಮೇಲೆ ಸಂಶಯ, ಕೊನೆಗೆ ನನ್ನ ಮೇಲೇ.

ನಮ್ಮ ಹಿರಿಯ ಟೆಕ್ನಿಷಿಯನ್ ಅಕ್ಕಲಕೋಟದವರು, ಎಲ್ಲರಿಗೂ ಅಕ್ಕಾರ. ಪ್ಲೇಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ತಮ್ಮಾ, ವೆರೋದಾಗ ಹಾಕಿದೀ ಏನು? ಅದು ಮೂಕ ಐತಿ. ಮಂದಿ ಒದರಿದ್ರ ಕೇಳ್ತೈತಿ, ತಾನು ಒದರಂಗಿಲ್ಲ" ಅಂದರು.

ನಿಜ. ವೆರೋ ಕೋಶಗಳಲ್ಲಿ ಟೈಪ್ 1 ಇಂಟರ್‌ಫೆರಾನ್ ಜೀನುಗಳೇ ಅಳಿಸಿಹೋಗಿವೆ. ಹೀಗಾಗಿಯೇ ಅದರಲ್ಲಿ ನಾನಾ ವೈರಸ್ ಹುಲುಸಾಗಿ ಬೆಳೆಯುತ್ತವೆ. ಈ ಪ್ರಯೋಗಕ್ಕೆ ಅದಕ್ಕಿಂತ ಕೆಟ್ಟ ಆಯ್ಕೆ ಇರಲಿಲ್ಲ.

ಮಾನವ ಶ್ವಾಸಕೋಶದ ಎ549 ಕೋಶಗಳಲ್ಲಿ ಮತ್ತೆ ಮಾಡಿದೆ. ಲಸೋಟಾ ಹಾಕಿದ ಸಾಲು ಗಟ್ಟಿ ನೇರಳೆ, ಪಕ್ಕದ ಸಾಲು ಬೋಳು.

ಅಕ್ಕಾರರ ಮಾತಿನ ಅರ್ಧ ಇನ್ನೂ ಬಾಕಿ ಇತ್ತು. ಲಸೋಟಾ ತಗುಲಿದ ಎ549ರ ಮೇಲಿನ ದ್ರವ ತೆಗೆದು ಪಿಎಚ್ 2ಕ್ಕೆ ಇಳಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಆ ಹುಳಿಗೆ ರಾಣಿಖೇತ್ ವೈರಸ್ ಸಾಯುತ್ತದೆ, ಇಂಟರ್‌ಫೆರಾನ್ ಜಗ್ಗುವುದಿಲ್ಲ. ಬೆಳಿಗ್ಗೆ ಪಿಎಚ್ ಅನ್ನು 7ಕ್ಕೆ ಏರಿಸಿ ವೆರೋ ಮೇಲೆ ಸುರಿದೆ, ಮರುದಿನ ಇಎಂಸಿ. ಅದೇ ಹುಳಿ ತಿನ್ನಿಸಿದ ಬರೀ ಮೀಡಿಯಮ್ಮಿನ, ಅಂದರೆ ಕೋಶ ಬೆಳೆಸುವ ದ್ರವದ ಸಾಲನ್ನೂ ಇಟ್ಟಿದ್ದೆ. ಇಲ್ಲದಿದ್ದರೆ ಅಕ್ಕಾರ ಪ್ಲೇಟು ಮುಟ್ಟುತ್ತಿರಲಿಲ್ಲ.

ಬರೀ ಮೀಡಿಯಮ್ಮಿನ ಸಾಲು ತೊಳೆದುಹೋಯಿತು. ಎ549ರ ದ್ರವ ಸುರಿದ ಮೂಕ ವೆರೋದ ಸಾಲು ನೇರಳೆ ನಿಂತಿತ್ತು.

"ಹಂಗಾದ್ರ ನೆಗಡಿ ಆದವರಿಗೆ ಫ್ಲೂ ಬರೂದಿಲ್ಲೇನು?" ಎಂದು ಮೆಸ್ಸಿನಲ್ಲಿ ಒಬ್ಬರು ಕೇಳಿದರು. 2009ರಲ್ಲಿ ಫ್ರಾನ್ಸ್, ಸ್ವೀಡನ್‌ಗಳಲ್ಲಿ ನೆಗಡಿಯ ರೈನೋವೈರಸ್ ಹಬ್ಬಿದ್ದರಿಂದ ಎಚ್1ಎನ್1 ಫ್ಲೂ ತಡವಾಗಿರಬಹುದು ಎಂದು ಅಲ್ಲಿನ ಸಂಶೋಧಕರು ಬರೆದದ್ದುಂಟು. ಆದರೆ ಈ ಕಾವಲು ಕೆಲವೇ ದಿನದ್ದು, ಎರಡೂ ಒಟ್ಟಿಗೆ ತಗುಲಿದ ರೋಗಿಗಳೂ ಇರುತ್ತಾರೆ. ಅಷ್ಟು ಹೇಳುವಷ್ಟರಲ್ಲಿ ಕೇಳಿದವರು ನನ್ನ ನೇರಳೆ ಉಗುರು ನೋಡಿ ಭಾಕರಿಯ ತಟ್ಟೆಯನ್ನು ಆಚೆ ಸರಿಸಿಕೊಂಡಿದ್ದರು.